ಹೋದ ಸಲದ ಉಪಕಾರ

ಮ್ಯೂಸಿಯಂನ ಗೇಟಿನಲ್ಲಿ ಟಿಕೆಟ್ ಹರಿದು ಕೊಟ್ಟ ಹುಡುಗಿ, "ಹೊಗೆಮನೇಲಿ ರೊಟ್ಟಿ ಸುಡ್ತಾ ಇದಾರೆ, ಬಿಸಿ ಇರೋವಾಗ್ಲೇ ಮೊದ್ಲು ಅಲ್ಲಿಗೆ ಹೋಗ್ಬಿಡು" ಅಂದಳು. ಸುನ್ನಿವಾ ಹೂಂ ಎಂದು ತಲೆಯಾಡಿಸಿ, ಹೊಗೆಮನೆಗೆ ಬೆನ್ನು ಹಾಕಿ ನಡೆದಳು.

ಮೊದಲು ನೀರಿನ ಗಿರಣಿ ನೋಡಿದಳು. ಆಮೇಲೆ ಕುಳ್ಳ ಕಂಬಗಳ ಮೇಲೆ ನಿಂತ ಕಣಜ, ಅದರಾಚೆ ಒಂದೇ ಕೋಣೆಯ ಶಾಲೆ. ಶಾಲೆಯ ಬೆಂಚಿನಲ್ಲಿ ಕೂತು ಕಪ್ಪುಹಲಗೆಯ ಮೇಲಿನ ಬೈಬಲ್ ವಾಕ್ಯವನ್ನು ಓದುವವಳಂತೆ ನಟಿಸಿದಳು. ಕಣಿವೆಯ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಇದ್ದ ಹಳೇ ಮನೆಗಳನ್ನು ದಿಮ್ಮಿ ದಿಮ್ಮಿಯಾಗಿ ಬಿಚ್ಚಿ ತಂದು ಈ ಗುಡ್ಡದ ಇಳಿಜಾರಿನಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದರು. ಬಾಳಿದ ಕಾಲದಲ್ಲಿ ಒಂದರ ಮುಖ ಇನ್ನೊಂದು ಕಂಡಿರದ ಮನೆಗಳು ಈಗ ಅಕ್ಕಪಕ್ಕದವಾಗಿದ್ದವು. ಬೇರೆ ದಿನವಾಗಿದ್ದರೆ ಸುನ್ನಿವಾಗೆ ಇದು ತಮಾಷೆಯೆನಿಸುತ್ತಿತ್ತು. ಇವತ್ತು ಅವಳ ಕಣ್ಣೆಲ್ಲ ಮೇಲುಗಡೆಯ ಒಂದು ಹುಲ್ಲುಚಾವಣಿಯಿಂದ ಏಳುತ್ತಿದ್ದ ಹೊಗೆಯ ಮೇಲಿತ್ತು. ಆ ಹೊಗೆಯ ಕೆಳಗೆ ಓಡ್ನಿ ಇದ್ದಳು.

ಓಡ್ನಿ ಅವಳ ಅತ್ತೆ. ಅಂದರೆ, ಅತ್ತೆಯಾಗಿದ್ದವಳು. ಓಡ್ನಿಯ ಮಗ ವೇಗಾರ್‌ನಿಂದ ಬಿಡುಗಡೆಯಾಗಿ ಎರಡು ವರ್ಷ ಕಳೆಯುತ್ತ ಬಂದಿತ್ತು. ಅವನು ಓಸ್ಲೋದಲ್ಲಿ ಇನ್ನೊಬ್ಬಳ ಜೊತೆ ನೆಮ್ಮದಿಯಾಗಿದ್ದ. ಅವನ ಬಗ್ಗೆ ಸುನ್ನಿವಾಗೆ ಸಿಟ್ಟೂ ಉಳಿದಿರಲಿಲ್ಲ, ಕುತೂಹಲವೂ ಉಳಿದಿರಲಿಲ್ಲ. ಮಕ್ಕಳಾಗಿರಲಿಲ್ಲ, ಹಾಗಾಗಿ ಎಳೆದು ಕಟ್ಟುವ ಹಗ್ಗವೂ ಇರಲಿಲ್ಲ. ಗಂಡನನ್ನು ಬಿಡುವುದಕ್ಕೆ ಸರಕಾರದಲ್ಲಿ ಒಂದು ಕಾಗದವಿದೆ. ಅತ್ತೆಯನ್ನು ಬಿಡುವುದಕ್ಕಾಗಲಿ ಉಳಿಸಿಕೊಳ್ಳುವುದಕ್ಕಾಗಲಿ ಯಾವ ಕಾಗದವೂ ಇಲ್ಲ. ಸುನ್ನಿವಾಗೆ ಬೇಕಾಗಿದ್ದವಳು ಅತ್ತೆ.

ನಾಳೆ ಬೆಳಗಾದರೆ ಸುನ್ನಿವಾ ಉತ್ತರಕ್ಕೆ ಹೊರಡುವವಳಿದ್ದಳು. ನಾಡು ಮುಗಿದು ಸಮುದ್ರ ಶುರುವಾಗುವ ಕಡೆ, ಫಿನ್‌ಮಾರ್ಕ್‌ನಲ್ಲಿ, ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವ ಕೆಲಸ ಸಿಕ್ಕಿತ್ತು. ಮದುವೆಯಾಗಿ ಬಂದಾಗ ಸ್ಟಿಯರಿಂಗ್ ಮುಟ್ಟಿದರೆ ಬೆವರುತ್ತಿದ್ದ ಅವಳನ್ನು ಡ್ರೈವರ್ ಮಾಡಿದವಳು ಓಡ್ನಿಯೇ. ಓಡ್ನಿ ನಿವೃತ್ತಿಯವರೆಗೂ ಈ ಕಣಿವೆಯಲ್ಲಿ ಬಸ್ಸು ಓಡಿಸಿದವಳು. ಹೊರಡುವ ಮೊದಲು ಅವಳಿಗೊಂದು ಉಪಕಾರ ಹೇಳದಿದ್ದರೆ ಆ ಲಾರಿಯ ಸೀಟಿನಲ್ಲಿ ತಾನು ನೆಟ್ಟಗೆ ಕೂರಲಾರೆ ಎಂದು ಸುನ್ನಿವಾಗೆ ಅನ್ನಿಸಿಬಿಟ್ಟಿತ್ತು.

ಹೇಳುವುದು ಹೇಗೆ? ಕಾರಣವಿಲ್ಲದೆ ಒಬ್ಬರ ಮನೆ ಬಾಗಿಲು ತಟ್ಟುವುದು ಈ ಕಡೆ ಯಾರಿಗೂ ಒಗ್ಗದ ಮಾತು. ಫೋನು ಮಾಡಿದರೆ ಎರಡೂ ಕಡೆ ಬರೀ ಉಸಿರಾಟ ಕೇಳಿಸೀತು. ಉಪಕಾರವನ್ನು ಆಗಿಂದಾಗಲೇ ಹೇಳಿಬಿಟ್ಟರೆ ಒಂದು ಮಾತಿನಲ್ಲಿ ಮುಗಿಯುತ್ತದೆ. ತಡಮಾಡಿದರೆ ತಡವಾದದ್ದಕ್ಕೂ ಕಾರಣ ಹೇಳಬೇಕಾಗುತ್ತದೆ, ಆ ಕಾರಣ ಹುಡುಕುತ್ತ ಇನ್ನಷ್ಟು ತಡವಾಗುತ್ತದೆ. ಹೀಗಿರುವಾಗ ಓಡ್ನಿ ಬೇಸಿಗೆಯ ಭಾನುವಾರಗಳಲ್ಲಿ ಮ್ಯೂಸಿಯಂನಲ್ಲಿ ಹಳೇ ಕಾಲದ ಯಜಮಾನಿಯ ವೇಷ ಹಾಕಿ ರೊಟ್ಟಿ ಸುಡುತ್ತಾಳೆಂದು ಯಾರೋ ಹೇಳಿದರು. ಇವತ್ತು ಈ ಬೇಸಿಗೆಯ ಕೊನೆಯ ಭಾನುವಾರ. ಟಿಕೆಟ್ ತೆಗೆದುಕೊಂಡವರು ಯಾರು ಬೇಕಾದರೂ ಅವಳ ಮನೆಯೊಳಗೆ ಹೋಗಬಹುದು.

ಸುನ್ನಿವಾ ಶಾಲೆಯಿಂದ ಎದ್ದು ಹೊಗೆಮನೆಯತ್ತ ಹತ್ತಿದಳು.

ಬಾಗಿಲು ತೀರ ತಗ್ಗು. ಯಾರೇ ಬರಲಿ, ತಲೆ ಬಗ್ಗಿಸಿಯೇ ಬರಬೇಕು. ಒಳಗೆ ಕಿಟಕಿಯಿರಲಿಲ್ಲ, ಚಾವಣಿಯ ಹೊಗೆಕಿಂಡಿಯಿಂದ ಇಳಿದ ಬೆಳಕು ನೆಲದ ನಡುವಿನ ಕಲ್ಲೊಲೆಯ ಮೇಲೆ ಚೌಕವಾಗಿ ಬಿದ್ದಿತ್ತು. ಮುಕ್ಕಾಲಿಯ ಮೇಲೆ ಅಗಲವಾದ ಕಾವಲಿ. ಅದರ ಪಕ್ಕದಲ್ಲಿ ಮೊಣಕಾಲೂರಿ ಕೂತು, ಬಿಳಿ ತಲೆವಸ್ತ್ರ ಬಿಗಿದುಕೊಂಡು, ಬಾರ್ಲಿ ಹಿಟ್ಟನ್ನು ಹಾಳೆಯಷ್ಟು ತೆಳ್ಳಗೆ ಲಟ್ಟಿಸುತ್ತಿದ್ದವಳು ಓಡ್ನಿ. ಬಸ್ಸಿನ ದೊಡ್ಡ ಚಕ್ರ ತಿರುಗಿಸಿ ತಿರುಗಿಸಿ ಅಗಲವಾದ ಆ ಭುಜಗಳು ಇನ್ನೂರೈವತ್ತು ವರ್ಷದ ಹಿಂದಿನ ರವಿಕೆಯೊಳಗೂ ಗುರುತು ಸಿಗುವಂತಿದ್ದವು.

ಬಾಗಿಲು ದಾಟಿದೊಡನೆ, ತಲೆಯ ಮೇಲೆ, ಗೋಡೆಯಿಂದ ಗೋಡೆಗೆ ಒಂದು ದಪ್ಪ ತೊಲೆ. ಅದಕ್ಕೆ ತಿರುಕರ ತೊಲೆ ಎಂದು ಹೆಸರು. ಭಿಕ್ಷೆಗೆ ಬಂದವರಿರಲಿ, ದೂರದ ದಾರಿಹೋಕರಿರಲಿ, ಮನೆಯ ಯಜಮಾನಿ ಬಾ ಎನ್ನುವ ತನಕ ಅದರ ಆಚೆ ಕಾಲಿಡುವಂತಿಲ್ಲ. ಮ್ಯೂಸಿಯಂನವರು ಆ ಪದ್ಧತಿಯನ್ನು ಹಾಗೆಯೇ ಉಳಿಸಿದ್ದರು. ಬಂದವರೆಲ್ಲ ತೊಲೆಯ ಈಚೆ ನಿಲ್ಲಬೇಕು. ಯಜಮಾನಿ ಅವರನ್ನು ಯಾರು, ಎಲ್ಲಿಂದ, ಏನು ಕೆಲಸ ಎಂದು ಆ ಕಾಲದವಳಂತೆ ಕೇಳಬೇಕು. ಉತ್ತರ ಮನಸ್ಸಿಗೆ ಬಂದರೆ ಒಳಗೆ ಕರೆಯಬೇಕು. ಅವಳಿಗೆ ಕಾರು ಗೊತ್ತಿಲ್ಲ, ಫೋನು ಗೊತ್ತಿಲ್ಲ. ನೋಡಲು ಬಂದವರಿಗೆ ಅವಳನ್ನು ಸಿಕ್ಕಿಸುವುದೇ ಒಂದು ಆಟ.

ಸುನ್ನಿವಾಗಿಂತ ಮೊದಲೇ ತೊಲೆಯ ಕೆಳಗೆ ಒಂದು ವಯಸ್ಸಾದ ಜೋಡಿ ನಿಂತಿತ್ತು. ಗಂಡನಿಗೆ ಕಿವಿ ಮಂದ. ಗಂಟಲು ಮಾತ್ರ ಮಂದವಲ್ಲ.

"ಯಜಮಾನಿ, ಇಲ್ಲಿ ವೈಫೈ ಇದ್ಯಾ?" ಎಂದು ಆತ ಕೂಗಿದ.

"ಅವರ್ಯಾರೋ ನಂಗೊತ್ತಿಲ್ಲಪ್ಪ. ಈ ದಾರೀಲಿ ಬಂದಿಲ್ಲ," ಓಡ್ನಿ ಲಟ್ಟಣಿಗೆ ನಿಲ್ಲಿಸದೆ ಹೇಳಿದಳು. "ನೀವು ಎಲ್ಲಿಂದ ಬಂದ್ರಿ?"

"ಏನಂತೆ?" ಆತ ಹೆಂಡತಿಯನ್ನು ಕೇಳಿದ.

"ಎಲ್ಲಿಂದ ಬಂದ್ರಿ ಅಂತೆ, ಗುಲ್ಲಿಕ್."

"ಡ್ರಾಮೆನ್‌ನಿಂದ. ಕಾರಲ್ಲಿ."

"ಕಾರು ಅಂದ್ರೆ? ದೋಣಿನಾ?"

"ಇವಳು ಓಡ್ಸಿದ್ರೆ ಹಂಗೂ ಆಗುತ್ತೆ."

ಹೆಂಡತಿ ಅವನ ಮೊಣಕೈಗೊಂದು ಕೊಟ್ಟಳು. ಓಡ್ನಿ ನಕ್ಕು, "ಬನ್ನಿ ಒಳಗೆ, ನಗಿಸೋರಿಗೆ ಈ ಮನೇಲಿ ಜಾಗ ಇದೆ" ಎಂದಳು. ಅವರು ತೊಲೆ ದಾಟಿ ಗೋಡೆಬದಿಯ ಬೆಂಚಿನಲ್ಲಿ ಕೂತರು. ಆಗ ಓಡ್ನಿ ತಲೆಯೆತ್ತಿ ತೊಲೆಯ ಕೆಳಗೆ ಉಳಿದವಳನ್ನು ನೋಡಿದಳು.

ಸುನ್ನಿವಾ ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದಳು. ಅದರಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ನಾಲಿಗೆಗೆ ತಾನಾಗಿ ಗೊತ್ತಿದ್ದ ಮಾತು.

"ಹೋದ ಸಲದ್ದಕ್ಕೆ ಉಪಕಾರ ಆಯ್ತು."

ಹಿಂದೆ ಒಮ್ಮೆ ಕಂಡವರು ಮತ್ತೆ ಸಿಕ್ಕಾಗ ಇಲ್ಲಿ ಎಲ್ಲರೂ ಮೊದಲು ಹೇಳುವ ಮಾತು ಅದು. ಹೋದ ಸಲ ಊಟ ಹಾಕಿದ್ದರೆ ಊಟಕ್ಕೆ, ಹರಟಿದ್ದರೆ ಹರಟೆಗೆ. ಆದರೆ ಹೋದ ಸಲ ಮುಖ ಕೆಡಿಸಿಕೊಂಡು ಬೇರೆಯಾಗಿದ್ದರೆ ಅದೇ ಮಾತಿಗೆ ಬೇರೆಯ ಅರ್ಥ: ನೀನು ಮಾಡಿದ್ದನ್ನು ಮರೆತಿಲ್ಲ, ಬಡ್ಡಿ ಸಮೇತ ತೀರಿಸುತ್ತೇನೆ. ಶಬ್ದ ಅದೇ, ದನಿಯೂ ಅದೇ. ಯಾವುದೆಂದು ತಿಳಿಯಬೇಕಾದದ್ದು ಕೇಳಿದವರು.

ಓಡ್ನಿಯ ಲಟ್ಟಣಿಗೆ ನಿಂತಿತು. ಅವಳ ಕತ್ತಿನಿಂದ ಕೆಂಪು ಏರಿ ತಲೆವಸ್ತ್ರದ ಅಂಚು ಮುಟ್ಟಿತು. ಅದು ಬೆಂಕಿಯ ಕೆಂಪಲ್ಲ ಎಂದು ಸುನ್ನಿವಾಗೆ ತಿಳಿಯಿತು. ಏನೋ ತಪ್ಪಿದೆ ಎಂದೂ ತಿಳಿಯಿತು. ಏನು ಎಂದು ತಿಳಿಯಲಿಲ್ಲ.

"ಹೋದ ಸಲ?" ಓಡ್ನಿ ಯಜಮಾನಿಯ ದನಿಯನ್ನು ಬಿಡಲಿಲ್ಲ. "ಯಾವ ಹೋದ ಸಲ ಅಂತೀರವ್ವಾ ನೀವು? ಕೆಲವು ದಾರಿಹೋಕರು ಬಹಳ ಸೂಕ್ಷ್ಮ. ಸಂತೇಲಿ ಗುರುತಿನೋರು ಕಂಡ್ರೆ ಕಂಡದ್ದನ್ನ ಹೇಳಲ್ಲ. ಮನಸ್ಸಲ್ಲೇ ಇಟ್ಕೊಂಡು, ಆಮೇಲೆ ಹತ್ತು ಜನರ ಮುಂದೆ ಉಪಕಾರ ಆಯ್ತು ಅಂತಾರೆ."

'ನೀವು' ಎನ್ನುವ ಮಾತು ಸುನ್ನಿವಾಗೆ ತಣ್ಣಗೆ ತಾಗಿತು. ಈಗಿನ ಕಾಲದಲ್ಲಿ ಈ ನಾಡಿನಲ್ಲಿ ಯಾರೂ ಯಾರಿಗೂ ನೀವು ಎನ್ನುವುದಿಲ್ಲ. ಅತ್ತೆಯನ್ನು ಸೊಸೆ ಹೆಸರು ಹಿಡಿದೇ ಕರೆಯುತ್ತಾಳೆ, ನೀನು ಎಂದೇ ಮಾತಾಡುತ್ತಾಳೆ. ಓಡ್ನಿಯ ನೀವು ವೇಷದ್ದೋ, ಮನಸ್ಸಿನದೋ? ವೇಷದ್ದೇ ಇರಬಹುದು. ಆದರೆ ಸಂತೆ?

ಆಗ ಹೊಳೆಯಿತು. ಈ ಸಲದ ಈಸ್ಟರ್. ಹಿಮದ ಮೇಲೆ ಜಾರಲು ಗೆಳತಿಯರ ಜೊತೆ ಇದೇ ಕಣಿವೆಗೆ ಬಂದಿದ್ದವಳು ಕಿತ್ತಳೆ ಹಣ್ಣು ಕೊಳ್ಳಲು ಅಂಗಡಿಗೆ ಹೋಗಿದ್ದಳು. ಕಾಫಿಪುಡಿಯ ಕಪಾಟಿನ ಹತ್ತಿರ ಓಡ್ನಿಯ ಬೆನ್ನು ಕಂಡಿತ್ತು. ಪಕ್ಕದ ಸಾಲಿಗೆ ನುಸುಳಿ, ಎಳೆಮಕ್ಕಳ ಆಹಾರದ ಡಬ್ಬಿಯೊಂದನ್ನು ಹಿಡಿದು, ಅದರ ಮೇಲೆ ಬರೆದದ್ದನ್ನೆಲ್ಲ ಓದುತ್ತ ನಿಂತಿದ್ದಳು. ಓಡ್ನಿ ತನ್ನನ್ನು ನೋಡಿಲ್ಲ ಎಂದೇ ಇಷ್ಟು ದಿನ ಅಂದುಕೊಂಡಿದ್ದಳು.

"ಯಜಮಾನಿಯವರೇ," ಸುನ್ನಿವಾ ಕೂಡ ವೇಷಕ್ಕೆ ಇಳಿದಳು. ಬೇರೆ ದಾರಿ ತೋಚಲಿಲ್ಲ. "ಸಂತೇಲಿ ನಾನು ಅಡಗಿಕೊಂಡದ್ದು ನಿಜ. ನಿಮ್ಮ ಕಣ್ಣಿಗೆ ಬಿದ್ದೆ ಅಂತ ಗೊತ್ತಿರ್ಲಿಲ್ಲ."

ಓಡ್ನಿ ಅವಳನ್ನು ದಿಟ್ಟಿಸಿದಳು. "ನೀವು ಅಡಗಿಕೊಂಡ್ರಾ?"

"ಹೂಂ. ಹಸುಗೂಸುಗಳ ಗಂಜಿ ಮಾರೋ ಕಡೆ."

"ಯಾರು ಅಡಗಿದ್ದು?" ಗುಲ್ಲಿಕ್ ಬೆಂಚಿನಿಂದ ಕೇಳಿದ.

"ಸುಮ್ನಿರು," ಎಂದಳು ಹೆಂಡತಿ. "ನಾಟಕ ಶುರುವಾಗಿದೆ."

ಓಡ್ನಿ ಹಿಟ್ಟಿನ ಕೈಯನ್ನು ಸೆರಗಿನಂಥ ಮೇಲುಬಟ್ಟೆಗೆ ಒರೆಸಿಕೊಂಡಳು. "ಈ ಯಜಮಾನಿನೂ ಅಡಗಿದ್ಲು," ಎಂದು ನಿಧಾನವಾಗಿ ಹೇಳಿದಳು. "ಖಾಲಿ ಬಾಟ್ಲಿ ವಾಪಸ್ ತಗೊಳ್ಳೋ ಮಶೀ..." ಎಂದವಳು ತಡವರಿಸಿ, "ಖಾಲಿ ಜಾಡಿ ವಾಪಸ್ ತಗೊಳ್ಳೋ ವ್ಯಾಪಾರಿ ಹತ್ರ. ಕೊಡೋಕೆ ಕೈಯಲ್ಲಿ ಒಂದು ಜಾಡಿನೂ ಇಲ್ದೆ. ನನ್ನ ಹಿಂದೆ ಜನ ಸಾಲು ನಿಂತಿದ್ರು. ನೀವು ಸಾಲಿನಾಚೆಯಿಂದ ನನ್ನನ್ನ ನೋಡಿಯೇಬಿಟ್ರಿ ಅಂತ ಅಂದ್ಕೊಂಡೆ. ಬೇಸಿಗೆ ಪೂರ್ತಿ ಅದೇ ಯೋಚನೆ. ಇವತ್ತು ಬಾಗಿಲಲ್ಲಿ ನಿಂತು ಉಪಕಾರ ಆಯ್ತು ಅಂದಾಗ, ಬಂತಪ್ಪ ಬಡ್ಡಿ ವಸೂಲಿಗೆ ಅನ್ನಿಸ್ತು."

ಸುನ್ನಿವಾಗೆ ನಗು ಬಂತು, ನಗುವ ಹಾಗಿರಲಿಲ್ಲ. ಒಂದೇ ಅಂಗಡಿಯ ಎರಡು ಮೂಲೆಗಳಲ್ಲಿ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಹೆದರಿ ಉಸಿರು ಬಿಗಿಹಿಡಿದು ನಿಂತ ಚಿತ್ರ ಕಣ್ಣಮುಂದೆ ಬಂತು.

"ಅಲ್ಲ," ಎಂದಳು. "ಆ ಸಲದ್ದಲ್ಲ ನಾನು ಹೇಳಿದ್ದು. ಒಬ್ಬರನ್ನೊಬ್ಬರು ನೋಡದೇ ಇದ್ದದ್ದು ಹೋದ ಸಲ ಹೆಂಗಾಗುತ್ತೆ? ಅದಕ್ಕಿಂತ ಹಿಂದಿನ ಸಲದ್ದು."

ಓಡ್ನಿಯ ಮುಖದಲ್ಲಿದ್ದ ನಾಚಿಕೆಯ ಕೆಂಪು ಇಳಿದು, ಬೇರೇನೋ ಬಂದು ಕೂತಿತು. ಅದಕ್ಕಿಂತ ಹಿಂದಿನ ಸಲ ಎಂದರೆ ಸುನ್ನಿವಾ ಮನೆ ಬಿಟ್ಟು ಹೊರಟ ದಿನ. ಓಡ್ನಿ ಕಡ್ಡಿಯಿಂದ ಕಾವಲಿಯ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ, ಪಕ್ಕಕ್ಕೆ ತೆಗೆದಿಟ್ಟಳು. ಆಮೇಲೆ ಪದ್ಧತಿಯಂತೆ ಕೇಳಬೇಕಾದ್ದನ್ನು ಕೇಳಿದಳು. ಕೇಳುವುದು ಸುಲಭವಿತ್ತು, ಅದಕ್ಕೇ ಕೇಳಿದಳೋ ಏನೋ.

"ಎಲ್ಲಿಗೆ ಹೊರಟಿದೀರಿ?"

"ಉತ್ತರಕ್ಕೆ. ನಾಳೆ ಬೆಳಿಗ್ಗೆ."

"ಎಷ್ಟು ಉತ್ತರಕ್ಕೆ?"

"ಅಲ್ಲಿಂದಾಚೆ ಇನ್ನು ಉತ್ತರ ಇಲ್ಲ."

"ಏನು ಕೆಲಸ?"

"ದಾರಿ ಮೇಲಿನ ಹಿಮ ತಳ್ಳೋದು."

"ಏನು ಕಟ್ಕೊಂಡು? ಕುದುರೆನಾ?"

"ಕುದುರೆನೇ. ಐನೂರು."

ಗುಲ್ಲಿಕ್ ತೊಡೆ ತಟ್ಟಿಕೊಂಡ. ಅದೊಂದು ಮಾತು ಅವನಿಗೆ ಸರಿಯಾಗಿ ಕೇಳಿಸಿತ್ತು. ಓಡ್ನಿ ಮಾತ್ರ ನಗಲಿಲ್ಲ. ಅವಳು ಲಟ್ಟಣಿಗೆಯನ್ನು ನೆಲಕ್ಕಿಟ್ಟು, ಇದ್ದಕ್ಕಿದ್ದಂತೆ ಇನ್ನೂರೈವತ್ತು ವರ್ಷ ದಾಟಿ ಬಂದಳು.

"ವೋಲ್ವೊನಾ ಸ್ಕಾನಿಯಾನಾ?"

"ಸ್ಕಾನಿಯಾ."

"ನಾಲ್ಕೂ ಚಕ್ರಕ್ಕೆ ಎಳೆತ ಇದ್ಯಾ?"

"ಆರಕ್ಕೂ."

"ಒಳ್ಳೇದು," ಎಂದಳು ಓಡ್ನಿ. ಬಾಯಿಗೆ ಕೈ ಅಡ್ಡ ಹಿಡಿದಳು, ಆದರೆ ಹೊರಗೆ ಬಂದದ್ದು ಬಂದಾಗಿತ್ತು.

"ಸಿಕ್ಕಿಬಿದ್ರು, ಯಜಮಾನಿ ಸಿಕ್ಕಿಬಿದ್ರು," ಗುಲ್ಲಿಕ್ ಮಗುವಿನ ಹಾಗೆ ಖುಷಿಪಟ್ಟ. "ನಾನು ವೈಫೈ ಅಂದ್ರೂ ಸಿಗಲಿಲ್ಲ, ಈ ಹುಡುಗಿ ಹಿಡಿದುಬಿಟ್ಲು ನೋಡು."

ನಗು ಅಡಗುವ ತನಕ ಸುನ್ನಿವಾ ಕಾದಳು. ತಲೆಯ ಮೇಲೆ, ಹೊಗೆ ಕುಡಿದು ಕುಡಿದು ಕಪ್ಪಾದ ತೊಲೆ ಮಿನುಗುತ್ತಿತ್ತು. ನೇರವಾಗಿ ಹೇಳಲು ಹೋದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ ಎಂದು ಗೊತ್ತಿತ್ತು. ಆ ಕಾಲದ ಮಾತು ಆಕೆಗೆ ಊರುಗೋಲಾಯಿತು.

"ಒಂದು ಸುಗ್ಗಿ ಕಳೆದ ಮೇಲಿನ ದಿನ," ಎಂದು ಶುರುಮಾಡಿದಳು, "ಒಬ್ಬಳು ಒಂದು ಮನೆ ಬಿಟ್ಟು ಹೊರಟ್ಲು. ಗಾಡಿಗೆ ಪೆಟ್ಟಿಗೆ ತುಂಬಿದ್ಲು. ಬೆಟ್ಟದಾಚೆ ಅವಳ ಅಕ್ಕನ ಊರು. ಕಣಿವೇಲಿ ಇನ್ನೂ ಹಿಮ ಬಿದ್ದಿರ್ಲಿಲ್ಲ, ಎಲೆ ಎಲ್ಲ ಹಳದಿ. ಆ ಮನೆಯ ಯಜಮಾನಿ ಒಂದು ಮಾತೂ ಆಡ್ಲಿಲ್ಲ. ಹೋಗ್ಬೇಡ ಅನ್ಲಿಲ್ಲ, ಹೋಗಿ ಬಾ ಅನ್ಲಿಲ್ಲ. ಗಾಡಿ ಪಕ್ಕ ನೆಲದ ಮೇಲೆ ಕೂತ್ಕೊಂಡು ಏನೋ ಮಾಡ್ತಿದ್ಲು. ಮುಖ ನೋಡೋಕೆ ಇಷ್ಟ ಇಲ್ಲ, ಅದಕ್ಕೇ ಏನೋ ಒಂದು ಕೆಲಸ ಹಿಡ್ಕೊಂಡು ಕೂತಿದಾಳೆ ಅಂದ್ಕೊಂಡ್ಲು ಹೊರಟೋಳು. ತಾನೂ ಮಾತಾಡ್ಲಿಲ್ಲ. ಗಾಡಿ ಹೊಡ್ಕೊಂಡು ಹೊರಟುಬಿಟ್ಲು."

ಗುಲ್ಲಿಕ್ ಕಿವಿಗೆ ಕೈ ಆನಿಸಿಕೊಂಡು ಮುಂದಕ್ಕೆ ಬಾಗಿದ್ದ.

"ಬೆಟ್ಟದ ನೆತ್ತಿಗೆ ಹೋಗೋಷ್ಟರಲ್ಲಿ ಹಿಮ ಬಿತ್ತು. ಮುಂದೆ ಹೋದ ಗಾಡಿಗಳೆಲ್ಲ ಜಾರಿ ಚರಂಡೀಲಿ ಮಲಗಿದ್ವು. ಇವಳ ಗಾಡಿ ಜಾರ್ಲಿಲ್ಲ. ಯಾಕೆ ಜಾರ್ಲಿಲ್ಲ ಅಂತ ಇಳಿದು ನೋಡಿದ್ಲು. ಕುದುರೆಯ ನಾಲ್ಕು ಕಾಲಿಗೂ ಹೊಸ ಲಾಳ. ಲಾಳಕ್ಕೆಲ್ಲ ಮಂಜಿನ ಮೊಳೆ ಹೊಡೆದಿತ್ತು." ಸುನ್ನಿವಾಳ ದನಿ ಅಲ್ಲಿ ಸ್ವಲ್ಪ ಹಾದಿ ತಪ್ಪಿತು. "ಆ ಯಜಮಾನಿ ನೆಲದ ಮೇಲೆ ಕೂತು ಮಾಡ್ತಿದ್ದದ್ದು ಅದು. ಹೊರಟೋಳಿಗೆ ಗೊತ್ತಾಗಿದ್ದು ಬೆಟ್ಟದ ಮೇಲೆ. ಅಲ್ಲೇ ನಿಂತು ಅತ್ಲು. ಫೋನು ತೆಗೆದ್ಲು, ಒಳಗಿಟ್ಲು. ಇವತ್ತಿನ ತನಕ ಒಳಗೇ ಇದೆ."

ಅವಳಿಗೂ ಕಾಲ ಜಾರಿತ್ತು. ಆ ಮನೆಯಲ್ಲಿ ಫೋನು ಇರಬಾರದಿತ್ತು. ಯಾರೂ ಗಮನಿಸಲಿಲ್ಲ.

ಓಡ್ನಿ ಹಿಟ್ಟಿನ ಉಂಡೆಯೊಂದನ್ನು ಎತ್ತಿ ಅಂಗೈಯಲ್ಲಿ ಉರುಳಿಸಿದಳು. ಈ ಹೆಂಗಸು ಮಾತಿಗಿಂತ ಮೊದಲು ಕೈಯನ್ನೇ ಮುಂದೆ ಮಾಡುವವಳು. ಬಸ್ಸಿನ ಮೆಟ್ಟಿಲಲ್ಲಿ ಎಡವಿದವರನ್ನು ಒಂದು ಮಾತೂ ಆಡದೆ ಎತ್ತಿ ನಿಲ್ಲಿಸಿ, ಗೇರು ಹಾಕಿ ಹೊರಟುಬಿಡುತ್ತಿದ್ದಳು.

"ನಂಗೆ ಮಾತು ಸಿಗ್ಲಿಲ್ಲ," ಎಂದಳು. "ಜ್ಯಾಕ್ ಸಿಕ್ತು."

"ಗೊತ್ತಾಯ್ತು."

"ಆಮೇಲೆ ಅನ್ನಿಸ್ತು, ನೀನು ತಪ್ಪು ತಿಳ್ಕೊಂಡೆ ಅಂತ. ಬೇಗ ಕಳಿಸೋಕೆ ಕಾರಿಗೆ ಮೊಳೆ ಹೊಡೆದ ಚಳಿಗಾಲದ ಚಕ್ರ ಹಾಕಿ ಕೊಟ್ಲು, ಎಷ್ಟು ಆತುರ ಇವಳಿಗೆ ಅಂತ. ಅದಕ್ಕೇ ನಿನ್ನಿಂದ ಒಂದು ಮಾತೂ ಬರ್ಲಿಲ್ಲ ಅಂದ್ಕೊಂಡೆ." ನೀವು ಎಲ್ಲಿ ಹೋಯಿತೋ, ನೀನು ಬಂದಿತ್ತು. ಓಡ್ನಿಗೆ ಅದು ತಿಳಿದಂತೆ ಕಾಣಲಿಲ್ಲ. ಅವಳು ತಲೆಯೆತ್ತಿ, ಬಸ್ಸಿನ ಬಾಗಿಲಲ್ಲಿ ತಡೆದು ನಿಂತ ಪ್ರಯಾಣಿಕರಿಗೆ ಗದರುವ ದನಿಯಲ್ಲಿ ಹೇಳಿದಳು: "ಅಲ್ಲೇ ಯಾಕೆ ನಿಂತಿದೀಯ, ಗಾಳಿ ಬರ್ತಿದೆ. ಒಳಗ್ ಬಾ."

ಸುನ್ನಿವಾ ತೊಲೆ ದಾಟಿದಳು. ಗುಲ್ಲಿಕ್ ಚಪ್ಪಾಳೆ ತಟ್ಟಿದ. ಅವನ ಹೆಂಡತಿ ಕಣ್ಣೊರೆಸಿಕೊಳ್ಳುತ್ತ, "ಎಷ್ಟು ಚೆನ್ನಾಗಿ ಮಾಡಿದ್ರಿ ಇಬ್ರೂ. ದಿನಾ ಮಾಡ್ತೀರಾ?" ಎಂದು ಕೇಳಿದಳು.

"ಇಲ್ಲ," ಎಂದಳು ಓಡ್ನಿ. "ಇದೇ ಮೊದಲು."

ಒಲೆಯ ಪಕ್ಕದ ಗಿಡ್ಡ ಮಣೆಯ ಮೇಲೆ ಸುನ್ನಿವಾ ಕೂತಳು. ಓಡ್ನಿ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಮಡಚಿ, ಮುದುಕ ದಂಪತಿಗೆ ಒಂದೊಂದು ಕೊಟ್ಟಳು. ಅವರು ಹುಳಿ ಕೆನೆಯ ಗಂಜಿ ಸಿಗುವ ಮನೆ ಯಾವುದೆಂದು ಕೇಳಿಕೊಂಡು ಹೊರಟರು. ಸುನ್ನಿವಾಗೆ ಕೊಟ್ಟ ರೊಟ್ಟಿಯಲ್ಲಿ ಬೆಣ್ಣೆ ಹೆಚ್ಚಿತ್ತು. ಅದನ್ನು ಇಬ್ಬರೂ ನೋಡಿದರು, ಇಬ್ಬರೂ ಹೇಳಲಿಲ್ಲ.

"ಓಡ್ನಿ."

"ಏನು?"

"ಬರೀ ಚಕ್ರಕ್ಕಲ್ಲ. ಎಲ್ಲದಕ್ಕೂ ಉಪಕಾರ."

ಓಡ್ನಿ ಲಟ್ಟಣಿಗೆಯನ್ನು ಬೆತ್ತದ ಹಾಗೆ ಎತ್ತಿ ತೋರಿಸಿದಳು. "ಏನೇ ಅದು, ನಂಗೆ ಇನ್ನೂ ಗಟ್ಟಿ ಉಸಿರಿದೆ. ಎಲ್ಲದಕ್ಕೂ ಉಪಕಾರ ಅಂತ ಸಮಾಧಿ ಕಲ್ಲಿನ ಮೇಲೆ ಕೆತ್ತಿಸ್ತಾರೆ, ಬದುಕಿರೋರ ಮುಂದೆ ಹೇಳ್ತಾರಾ? ನಮ್ಮೆಜಮಾನ್ರ ಕಲ್ಲಿನ ಮೇಲೂ ಅದೇ ಇರೋದು. ಬದುಕಿರೋರಿಗೆ ಚಿಲ್ರೆ ಚಿಲ್ರೆಯಾಗಿ ಹೇಳ್ಬೇಕು."

"ಚಿಲ್ರೆ ಜಾಸ್ತಿ ಇದೆ."

"ಹಿಟ್ಟೂ ಜಾಸ್ತಿ ಇದೆ. ಹೇಳು."

ಸುನ್ನಿವಾ ಯೋಚಿಸಿದಳು. ದೊಡ್ಡದನ್ನೆಲ್ಲ ಬಿಟ್ಟು ಸಣ್ಣದೇ ಮೊದಲು ನಾಲಿಗೆಗೆ ಬಂತು. "ಚರ್ಚಿನ ಅಂಗಳದಲ್ಲಿ ಬಸ್ಸು ಹಿಂದಕ್ಕೆ ತಗೊಳ್ಳೋದು ಕಲಿಸಿದ್ದಕ್ಕೆ. ನಾನು ಅತ್ತರೂ ಬಿಡ್ಲಿಲ್ಲ ನೀನು."

"ಅಳು ಮುಗಿದ ಮೇಲೆ ಕನ್ನಡಿ ನೋಡೋಕೆ ಬಂತಲ್ಲ ನಿಂಗೆ."

"ಜ್ವರ ಬಂದಾಗ ಎಲೆಕೋಸು ಹಾಕಿದ ಕುರಿಮಾಂಸದ ಸಾರು ಕಳಿಸಿದ್ದಕ್ಕೆ. ಅದರಲ್ಲಿ ಉಪ್ಪೇ ಇರ್ಲಿಲ್ಲ."

"ಉಪ್ಪು ಇಲ್ದೇ ಇದ್ದದ್ದಕ್ಕೂ ಉಪಕಾರನಾ?"

"ಅದೊಂದನ್ನ ಕಳೀತೀನಿ."

ಓಡ್ನಿ ನಕ್ಕಾಗ ಭುಜಗಳು ಕುಲುಕಿದವು. ಸುನ್ನಿವಾ ರೊಟ್ಟಿಯ ಚೂರೊಂದನ್ನು ಬೆರಳಲ್ಲಿ ಪುಡಿ ಮಾಡಿದಳು. ಹೊಗೆಕಿಂಡಿಯ ಮೇಲೆ ಮೋಡ ಸರಿದು ಒಲೆಯ ಮೇಲಿನ ಬೆಳಕು ಮಂಕಾಯಿತು.

"ಇನ್ನೊಂದಿದೆ," ಎಂದಳು. "ಮಗು ಯಾವಾಗ ಅಂತ ನೀನು ಒಂದು ಸಲನೂ ಕೇಳ್ಲಿಲ್ಲ. ಊರಲ್ಲಿ ಎಲ್ರೂ ಕೇಳಿದ್ರು. ಅಂಗಡಿಯೋಳು ಕೇಳಿದ್ಲು, ಹಲ್ಲಿನ ಡಾಕ್ಟ್ರು ಬಾಯಲ್ಲಿ ಕೈ ಇಟ್ಕೊಂಡೇ ಕೇಳಿದ್ರು. ನೀನು ಕೇಳ್ಲಿಲ್ಲ."

ಕಾವಲಿಯ ಮೇಲಿನ ರೊಟ್ಟಿಯಂಚು ಕಂದಾಗತೊಡಗಿತ್ತು. ಓಡ್ನಿ ಅದನ್ನು ತಿರುವಲು ಹೋಗಲಿಲ್ಲ.

"ಕೇಳೋ ಹಕ್ಕು ನಂಗಿಲ್ಲ ಅಂತಲ್ಲ," ಎಂದಳು. "ಕೇಳ್ಬೇಕು ಅಂತ ಬಾಯಿಗೆ ಬಂದಿತ್ತು, ಎಷ್ಟೋ ಸಲ. ಆಮೇಲೆ ನೀನು ಬಂದು ಅಡಿಗೆಮನೇಲಿ ಕೂತ್ಕೊಂಡು ಗೇರು ಬಾಕ್ಸಿನ ವಿಷಯ ಕೇಳ್ತಿದ್ದೆ. ನನ್ನ ಮಗನಿಗೆ ಹುಟ್ಟಿದಾಗಿಂದ ಗೇರು ಬಾಕ್ಸಿನ ಬಗ್ಗೆ ಒಂದು ಪ್ರಶ್ನೆನೂ ಹುಟ್ಟಲಿಲ್ಲ. ನಂಗೆ ಅಷ್ಟು ಸಾಕಾಗಿತ್ತು." ಅವಳು ಮೂಗು ಒರೆಸಿಕೊಂಡು, ಹೊಗೆಯ ಮೇಲೆ ತಪ್ಪು ಹೊರಿಸುವವಳಂತೆ ಕೈ ಬೀಸಿದಳು. "ಅದಕ್ಕೆ ನಿಂಗೆ ಉಪಕಾರ. ನಾನೂ ತಡ ಮಾಡಿದೆ ನೋಡು."

ಸುನ್ನಿವಾ ಕಡ್ಡಿ ತೆಗೆದುಕೊಂಡು ರೊಟ್ಟಿಯನ್ನು ಕಾವಲಿಯಿಂದ ಎತ್ತಿದಳು. ಅಂಚು ಸುಟ್ಟಿತ್ತು. ಇಬ್ಬರೂ ಅದನ್ನೇ ಮುರಿದು ತಿಂದರು. ಸುಟ್ಟ ರೊಟ್ಟಿಯನ್ನು ನೋಡಲು ಬಂದವರಿಗೆ ಕೊಡುವ ಹಾಗಿಲ್ಲ.

"ಅಲ್ಲಿ ಚಳಿಗಾಲದಲ್ಲಿ ಸೂರ್ಯನೇ ಬರಲ್ವಂತೆ?" ಓಡ್ನಿ ಬಾಯಿತುಂಬ ರೊಟ್ಟಿ ಇಟ್ಟುಕೊಂಡು ಕೇಳಿದಳು.

"ಕ್ರಿಸ್‌ಮಸ್ ಕಳೆದ ಮೇಲೆ ಒಂದಿನ ಮುಖ ತೋರಿಸ್ತಾನಂತೆ. ಶಾಲೆ ಮಕ್ಕಳಿಗೆಲ್ಲ ರಜ ಕೊಡ್ತಾರಂತೆ ಅವತ್ತು."

"ನಾನು ಟ್ರೋಂಡ್‌ಹೈಮ್‌ನಿಂದಾಚೆ ನೋಡೇ ಇಲ್ಲ. ಇಡೀ ಜೀವಮಾನ ಇದೇ ಕಣಿವೇಲಿ ಆ ತುದಿಯಿಂದ ಈ ತುದಿಗೆ ಓಡಿಸಿದೆ." ಓಡ್ನಿ ಹಿಟ್ಟಿನ ಕೈಯನ್ನು ನೋಡಿಕೊಂಡಳು. ಕೇಳಬೇಕೋ ಬೇಡವೋ ಎನ್ನುವ ಹಾಗೆ ಒಂದು ಬೆರಳಿನ ಹಿಟ್ಟನ್ನು ಇನ್ನೊಂದು ಬೆರಳಿನಿಂದ ಉಜ್ಜಿ ತೆಗೆದಳು. "ಆ ಲಾರೀಲಿ ಡ್ರೈವರ್ ಪಕ್ಕ ಇನ್ನೊಂದು ಸೀಟಿದ್ಯಾ?"

"ಇದೆ."

"ಬೇರೆಯೋರನ್ನ ಕೂರಿಸ್ಕೋಬಾರ್ದು ಅಂತ ನಿಯಮ ಇರುತ್ತೆ."

"ಬೇರೆಯೋರನ್ನ ಕೂರಿಸ್ಕೋಬಾರ್ದು," ಎಂದಳು ಸುನ್ನಿವಾ, ಮೊದಲ ಮಾತನ್ನು ಒತ್ತಿ.

ಓಡ್ನಿ ಹೂಂ ಎಂದಳು. ಮಾತು ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮತ್ತೊಂದು ಉಂಡೆ ತೆಗೆದು ಹಿಟ್ಟಿನಲ್ಲಿ ಹೊರಳಿಸಿ, ಅಗತ್ಯಕ್ಕಿಂತ ಜೋರಾಗಿ ಲಟ್ಟಿಸತೊಡಗಿದಳು. "ಫೆಬ್ರವರೀಲಿ ಬರ್ತೀನಿ," ಎಂದಳು. "ಸೂರ್ಯ ಬಂದ ಮೇಲೆ. ಕತ್ತಲಲ್ಲಿ ನೀನು ಹೆಂಗೆ ಓಡಿಸ್ತೀಯ ಅಂತ ನೋಡೋಕೆ ನಂಗೆ ಧೈರ್ಯ ಇಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಬೆಳಕು ಮರೆಯಾಯಿತು. ಗುಲ್ಲಿಕ್ ಬೆಂಚಿನ ಮೇಲೆ ಟೋಪಿ ಮರೆತು ಹೋಗಿದ್ದ. ಈಗ ಹೆಂಡತಿಯೊಡನೆ ಮರಳಿ ಬಂದಿದ್ದ. ಟೋಪಿ ತೆಗೆದುಕೊಂಡವನು ಒಲೆಯ ಪಕ್ಕ ಅಂಗಿಯ ತೋಳು ಮಡಚಿ ಕಡ್ಡಿ ಹಿಡಿದು ಕೂತಿದ್ದ ಸುನ್ನಿವಾಳನ್ನು ಕಂಡು ನಿಂತ.

"ಯಜಮಾನಿ," ಎಂದು ಮನೆ ಅದುರುವಂತೆ ಕೇಳಿದ, "ಈ ಹುಡುಗಿ ನಿಮಗೆ ಏನಾಗ್ಬೇಕು?"

ಸುನ್ನಿವಾ ತಲೆ ತಗ್ಗಿಸಿ ಕಾವಲಿ ನೋಡಿದಳು. ಅದಕ್ಕೊಂದು ಹೆಸರಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮಗಳಲ್ಲ, ಸೊಸೆಯಲ್ಲ, ನೆಂಟಳೂ ಅಲ್ಲ. ಎರಡು ವರ್ಷ ಹುಡುಕಿ ಅವಳಿಗೂ ಸಿಕ್ಕಿರಲಿಲ್ಲ.

ಓಡ್ನಿ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ.

"ನನ್ನ ಡ್ರೈವರ್," ಎಂದಳು.

"ಏನಂತೆ?" ಗುಲ್ಲಿಕ್ ಹೆಂಡತಿಯ ಕಡೆ ತಿರುಗಿದ.

"ಅವರ ಡ್ರೈವರ್ ಅಂತೆ."

ಗುಲ್ಲಿಕ್ ಕಪ್ಪು ಗೋಡೆಗಳನ್ನೂ, ಕಿಟಕಿಯಿಲ್ಲದ ಕತ್ತಲನ್ನೂ, ನೆಲದ ಮೇಲಿನ ಬೆಂಕಿಯನ್ನೂ ಒಂದು ಸುತ್ತು ನೋಡಿದ. "ಇಂಥ ಕಾಲದಲ್ಲೂ ಡ್ರೈವರ್ ಇಟ್ಕೊಂಡಿದ್ರಾ ಇವರು?"

"ಅನುಕೂಲಸ್ಥರು ಬಿಡು," ಎಂದು ಹೆಂಡತಿ ಅವನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದಳು.